ಕಲ್ಯಾಣ ಮಂಟಪದ ಸದ್ದು: ಒಂದೇ ಅಳತೆ ಪ್ರಬಂಧಕ್ಕೂ ದೂರಿಗೂ ಸಾಲುತ್ತಾ?

ಪ್ರಶ್ನೆ · ನಾಲ್ಕು_ವಿಭಾಗ

ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್, ಕಾನೂನು, ಸಮಾಜಕಾರ್ಯ, ಈ ನಾಲ್ಕೂ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು ಸೇರಿ ಜಂಟಿ ಅಧ್ಯಯನ ಕೈಗೆತ್ತಿಕೊಂಡಿದ್ದೇವೆ. ವಸತಿ ಬಡಾವಣೆಯ ನಡುವೆ ಒಂದು ಕಲ್ಯಾಣ ಮಂಟಪ ಇದೆ. ಶೀಟ್ ಚಾವಣಿ, ಎರಡು ಬದಿಗೆ ಇಟ್ಟಿಗೆ ಗೋಡೆ, ಇನ್ನೆರಡು ಬದಿಗೆ ಎತ್ತರದಲ್ಲಿ ಜಾಲರಿ. ಹಿಂಬದಿಯಲ್ಲಿ ಜನರೇಟರ್. ಸುತ್ತಲಿನ 200 ಮೀಟರ್ ದೂರದೊಳಗೆ ಸುಮಾರು 200 ಮನೆ. ಆರತಕ್ಷತೆಯ ದಿನ ಸಂಜೆ 7ರಿಂದ 10ರವರೆಗೆ ಆರ್ಕೆಸ್ಟ್ರಾ, ಮಾರನೇ ಬೆಳಗ್ಗೆ ವಾಲಗ.

ನಮ್ಮ ಹತ್ತಿರ ಕ್ಲಾಸ್ 2 (ಎರಡನೇ ದರ್ಜೆಯ ನಿಖರತೆ) ಸೌಂಡ್ ಲೆವೆಲ್ ಮೀಟರ್ ಒಂದಿದೆ, ಉಳಿದಂತೆ ಮೊಬೈಲ್ ಆ್ಯಪ್. ಪ್ರಾಯೋಗಿಕವಾಗಿ ಒಂದು ದಿನ ಅಳೆದೆವು. ಸಂಜೆಯ ಆ 3 ಗಂಟೆ ಹೊತ್ತು ಸುಮಾರು 78 ಡೆಸಿಬೆಲ್(ಎ), ಹಗಲಿನ (ಬೆಳಗ್ಗೆ 6ರಿಂದ ರಾತ್ರಿ 10) ಉಳಿದ 13 ಗಂಟೆ ಸುಮಾರು 52. ಸರಾಸರಿ ತೆಗೆದರೆ 57 ಬಂತು. ವಸತಿ ಪ್ರದೇಶದ ಹಗಲಿನ ಮಿತಿ 55. ಅಂದರೆ ಎರಡೇ ಡೆಸಿಬೆಲ್ ಹೆಚ್ಚು! ಅಲ್ಲಿ ನಿಂತವರ ಯಾರ ಕಿವಿಯೂ ಇದನ್ನು ಒಪ್ಪಲ್ಲ.

ಎಲ್ಲಿ ಎಡವಿದ್ದೇವೆ? ಇದೇ ಅಳತೆಯನ್ನು ಪ್ರಬಂಧಕ್ಕೂ ಬಳಸಿ, ಮುಂದೆ ಮನೆಯವರು ದೂರು ಕೊಟ್ಟರೆ ಅದಕ್ಕೂ ಲಗತ್ತಿಸುವ ಹಾಗೆ ಮಾಡೋದು ಹೇಗೆ? ಸಮೀಕ್ಷೆಯ ಪ್ರಶ್ನೆಗಳ ಬಗ್ಗೆಯೂ ಸಲಹೆ ಬೇಕು.

ಉತ್ತರ 1 · ತರಂಗದೂರ

ಎಡವಿದ್ದು ಸರಾಸರಿಯಲ್ಲಿ. ಡೆಸಿಬೆಲ್ ಲಾಗರಿತಮ್ ಮಾನ, ಅದನ್ನು ಮಾರ್ಕ್ಸ್ ಕೂಡಿಸಿದ ಹಾಗೆ ಕೂಡಿಸಿ ಭಾಗಿಸುವಂತಿಲ್ಲ. ಮೊದಲು ಶಕ್ತಿಗೆ ತಿರುಗಿಸಿ, ಸರಾಸರಿ ತೆಗೆದು, ಮತ್ತೆ ಡೆಸಿಬೆಲ್‌ಗೆ ತನ್ನಿ. ಪ್ರತಿ ರೀಡಿಂಗನ್ನು 10ರಿಂದ ಭಾಗಿಸಿ, 10ರ ಮೇಲೆ ಅಷ್ಟು ಘಾತ ಹಾಕಿ. ಬಂದದ್ದರ ಸರಾಸರಿ ತೆಗೆದು, ಅದರ ಲಾಗ್ ಅನ್ನು 10ರಿಂದ ಗುಣಿಸಿ.

ನಿಮ್ಮದೇ ಅಂಕಿ ಹಾಕಿ ನೋಡಿ. 78 ಅಂದರೆ ಸುಮಾರು 6 ಕೋಟಿ 31 ಲಕ್ಷ, 3 ಗಂಟೆಗೆ 18 ಕೋಟಿ 93 ಲಕ್ಷ. 52 ಅಂದರೆ ಸುಮಾರು 1 ಲಕ್ಷ 58 ಸಾವಿರ, 13 ಗಂಟೆಗೆ ಬರೀ 20 ಲಕ್ಷದ ಚಿಲ್ಲರೆ. ಕೂಡಿಸಿ 16ರಿಂದ ಭಾಗಿಸಿದರೆ ಸುಮಾರು 1 ಕೋಟಿ 20 ಲಕ್ಷ, ಅಂದರೆ 70.8 ಡೆಸಿಬೆಲ್(ಎ). 57 ಅಲ್ಲ. ಆ 13 ಗಂಟೆಯ ನಿಶ್ಶಬ್ದ ಲೆಕ್ಕಕ್ಕೇ ಬರಲಿಲ್ಲ ಅನ್ನೋದನ್ನು ಗಮನಿಸಿ. ಇದನ್ನೇ ಎಲ್‌ಇಕ್ಯೂ ಅನ್ನೋದು. ಮೀಟರ್‌ನಲ್ಲಿ ಆ ಆಯ್ಕೆ ಇದ್ದರೆ ಅದೇ ಲೆಕ್ಕ ಮಾಡಿಕೊಡುತ್ತೆ. ಇಲ್ಲದಿದ್ದರೆ ಪ್ರತಿ ಸೆಕೆಂಡಿನ ರೀಡಿಂಗ್ ದಾಖಲಿಸಿ ನೀವೇ ಲೆಕ್ಕ ಮಾಡಿಕೊಳ್ಳಿ. ಪರದೆ ನೋಡಿಕೊಂಡು ಐದೈದು ನಿಮಿಷಕ್ಕೆ ಒಂದು ಅಂಕಿ ಪುಸ್ತಕಕ್ಕೆ ಬರೆಯೋ ಪದ್ಧತಿ ಮಾತ್ರ ಬೇಡ. ಬರೆಯೋರು ಜೋರಾದಾಗಲೇ ಮೀಟರ್ ಕಡೆ ನೋಡ್ತಾರೆ.

ಇನ್ನು ಅಳತೆಯ ಕ್ರಮ.

ಕ್ಯಾಲಿಬ್ರೇಟರ್ ಇಲ್ಲದೆ ಶುರು ಮಾಡಬೇಡಿ. ಮೈಕ್‌ನ ತುದಿಗೆ ಹಾಕುವ ಪುಟ್ಟ ಡಬ್ಬಿ ಅದು, 1000 ಹರ್ಟ್ಸ್‌ನಲ್ಲಿ 94 ಡೆಸಿಬೆಲ್ ಕೊಡುತ್ತೆ. ಅಳತೆಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಹಾಕಿ ಎರಡೂ ರೀಡಿಂಗ್ ಬರೆದಿಡಿ. ನಡುವೆ 0.5 ಡೆಸಿಬೆಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ರಾತ್ರಿಯ ದತ್ತಾಂಶ ಪಕ್ಕಕ್ಕಿಡಿ. ಬ್ಯಾಟರಿ ಇಳಿದಿರೋದು, ಮೈಕ್‌ಗೆ ಇಬ್ಬನಿ ಕೂತಿರೋದು ಇದಕ್ಕೆ ಮಾಮೂಲಿ ಕಾರಣ. ಮೀಟರ್ ಮತ್ತು ಕ್ಯಾಲಿಬ್ರೇಟರ್ ಎರಡಕ್ಕೂ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನ ಪ್ರಮಾಣಪತ್ರ ಚಾಲ್ತಿಯಲ್ಲಿರಲಿ.

ಮೈಕ್ ನೆಲದಿಂದ 1.2ರಿಂದ 1.5 ಮೀಟರ್ ಎತ್ತರದಲ್ಲಿ ಟ್ರೈಪಾಡ್ ಮೇಲಿರಲಿ, ಕೈಯಲ್ಲಿ ಹಿಡಿಯೋದು ಬೇಡ. ಗೋಡೆ, ಕಾರು, ಕಾಂಪೌಂಡ್ ಇವುಗಳಿಂದ ಕನಿಷ್ಠ 3.5 ಮೀಟರ್ ದೂರ. ಕಿಟಕಿಯ ಮುಂದೆ ಅಳೆಯಲೇಬೇಕಾದರೆ ಗೋಡೆಯಿಂದ ಬಡಿದು ವಾಪಸ್ ಬರುವ ಸದ್ದು ಸುಮಾರು 3 ಡೆಸಿಬೆಲ್ ಸೇರಿಸುತ್ತೆ. ಅದನ್ನು ಕಳೆದಿದ್ದೀರೋ ಇಲ್ಲವೋ ವರದಿಯಲ್ಲಿ ಹೇಳಿ. ಸ್ಪಂಜಿನ ಗಾಳಿತಡೆ ಯಾವಾಗಲೂ ಇರಲಿ. ಗಾಳಿ ಸೆಕೆಂಡಿಗೆ 5 ಮೀಟರ್ ದಾಟಿದರೆ ಅಥವಾ ಮಳೆ ಬಂದರೆ ನಿಲ್ಲಿಸಿ.

ಹಿನ್ನೆಲೆ ಸದ್ದು ಎಷ್ಟು ಅನ್ನೋದು ಗೊತ್ತಿಲ್ಲದೆ ಮಂಟಪದ ಪಾಲು ಎಷ್ಟು ಅಂತ ಹೇಳಲಾಗದು. ಕಾರ್ಯಕ್ರಮದ ದಿನ 58, ಖಾಲಿ ದಿನ 54 ಇದ್ದರೆ ಮಂಟಪದ ಪಾಲು 4 ಅಲ್ಲ, ಶಕ್ತಿಯಲ್ಲಿ ಕಳೆದರೆ 55.8. ಎರಡರ ಅಂತರ 3 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಳೆಯೋ ಗೋಜಿಗೆ ಹೋಗಬೇಡಿ, ಉತ್ತರ ನಂಬುವ ಹಾಗಿರಲ್ಲ. 10 ದಾಟಿದರೆ ಕಳೆಯೋ ಅಗತ್ಯವೇ ಇಲ್ಲ.

ಖಾಲಿ ದಿನ ಹುಡುಕಲು ಪಂಚಾಂಗ ತೆಗೆಯಿರಿ. ಆಷಾಢ, ಧನುರ್ಮಾಸಗಳಲ್ಲಿ ಹೆಚ್ಚಿನವರು ಮದುವೆ ಇಡಲ್ಲ. ಅಂದರೆ ನಿಮ್ಮ ಅಧ್ಯಯನಕ್ಕೆ ಹೋಲಿಕೆಯ ಅವಧಿ ತಾನಾಗಿಯೇ ಒದಗಿ ಬಂದಿದೆ. ಆದರೆ ಎರಡಕ್ಕೂ ಒಂದೊಂದು ಐಬು ಇದೆ. ಆಷಾಢದಲ್ಲಿ ಮಳೆ, ಕಪ್ಪೆ, ಜೀರುಂಡೆ. ಜೀರುಂಡೆ ಸದ್ದು ಬಹುಪಾಲು 4000–8000 ಹರ್ಟ್ಸ್‌ನಲ್ಲಿರುತ್ತೆ, ಎ-ತೂಕ (ಕಿವಿಗೆ ಕೇಳುವಂತೆ ಕೆಳಸ್ವರಗಳನ್ನು ತಗ್ಗಿಸಿ ಅಳೆಯುವ ಕ್ರಮ, ಡೆಸಿಬೆಲ್(ಎ)ಯ 'ಎ' ಇದೇ) ಅದನ್ನು ಹಾಗೇ ಒಳಬಿಡುತ್ತೆ, ಹಿನ್ನೆಲೆ ಸುಳ್ಳೇ ಏರುತ್ತೆ. ಆಕ್ಟೇವ್ ಬ್ಯಾಂಡ್ ಅಳತೆ (ಸ್ವರಗಳ ಪಟ್ಟಿ ಪಟ್ಟಿಯಾಗಿ ಬೇರೆ ಬೇರೆ ಅಳೆಯೋದು) ಇದ್ದರೆ ಮಾತ್ರ ಬೇರ್ಪಡಿಸಬಹುದು. ಧನುರ್ಮಾಸ ಒಣ ಹವೆ, ಆದರೆ ನಸುಕಿನಲ್ಲೇ ದೇವಸ್ಥಾನದ ಮೈಕ್ ಶುರುವಾಗುತ್ತೆ. 6 ಗಂಟೆಗೆ ಮೊದಲಿನದೆಲ್ಲ ಕಾನೂನಿನ ಲೆಕ್ಕದಲ್ಲಿ ರಾತ್ರಿಯೇ. ರಾತ್ರಿಯ ಹಿನ್ನೆಲೆಯನ್ನು 11ರಿಂದ 4ರವರೆಗೆ ತೆಗೆಯಿರಿ, ಸಂಜೆಯದ್ದನ್ನು ಕಾರ್ಯಕ್ರಮ ನಡೆಯುವ ಅದೇ ಹೊತ್ತಿನಲ್ಲಿ. ನನ್ನ ಮತ ಧನುರ್ಮಾಸಕ್ಕೆ. ಅದು ಮುಗಿದ ಕೂಡಲೇ ಮಾಘದ ಲಗ್ನಗಳು ಬರುತ್ತವೆ, ಹವೆ ಹೆಚ್ಚು ಬದಲಾಗಿರಲ್ಲ. ಚಳಿಗಾಲದ ನಿರಭ್ರ ರಾತ್ರಿ ನೆಲದ ಹತ್ತಿರ ತಂಪು, ಮೇಲೆ ಬಿಸಿ ಇದ್ದಾಗ ಸದ್ದು ಕೆಳಕ್ಕೆ ಬಾಗಿ ದೂರಕ್ಕೆ ಕೇಳಿಸುತ್ತೆ. ಬೇಸಿಗೆಯ ಅಳತೆಯನ್ನು ಇದರ ಜೊತೆ ಹೋಲಿಸಿದರೆ ತಪ್ಪು ಕತೆ ಹೇಳಿದ ಹಾಗಾಗುತ್ತೆ. ಎಲ್ಲ ಸಮುದಾಯದವರೂ ಈ ಮಾಸ ನೋಡಲ್ಲ, ಹಾಗಾಗಿ ಬುಕಿಂಗ್ ರಿಜಿಸ್ಟರ್ ಜೊತೆ ತಾಳೆ ಹಾಕಿ.

ಮೊಬೈಲ್‌ಗಳನ್ನು ಎಸೆಯಬೇಡಿ. ಮೀಟರ್ ಪಕ್ಕದಲ್ಲಿ ಹತ್ತು ನಿಮಿಷ ಇಟ್ಟು ಪ್ರತಿ ಫೋನಿನ ವ್ಯತ್ಯಾಸ ಬರೆದುಕೊಂಡರೆ ಬಡಾವಣೆಯ ಯಾವ ಬೀದಿಗೆ ಹೆಚ್ಚು, ಯಾವುದಕ್ಕೆ ಕಡಿಮೆ ಅನ್ನೋ ನಕ್ಷೆಗೆ ಸಾಕು. ಬೇಸ್ ವಿಷಯದಲ್ಲಿ ಮಾತ್ರ ನಂಬಬೇಡಿ, ಮಾತಿಗೆಂದು ಮಾಡಿದ ಮೈಕ್ ಕೆಳಸ್ವರಗಳನ್ನು ಕತ್ತರಿಸಿ ಹಾಕುತ್ತೆ.

ಉತ್ತರ 2 · ಕಲಂ_ಉಪಕಲಂ

ಮೇಲಿನವರು ಹೇಳಿದ ಶಕ್ತಿ-ಸರಾಸರಿ ಬರೀ ಭೌತಶಾಸ್ತ್ರದ ಮಾತಲ್ಲ. ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000 ಇವುಗಳ ಅನುಸೂಚಿಯಲ್ಲೇ ಎಲ್‌ಇಕ್ಯೂ ಅಂದರೆ ನಿಗದಿತ ಅವಧಿಯ ಶಕ್ತಿ-ಸರಾಸರಿ ಅಂತ ಇದೆ. ನಿಮ್ಮ 57 ಇಟ್ಟುಕೊಂಡು ಹೋಗಿದ್ದರೆ ದೂರು ಬಾಗಿಲಲ್ಲೇ ಬೀಳ್ತಿತ್ತು. ನಿಯಮ 7ರ ಪ್ರಕಾರ ಮಿತಿಗಿಂತ 10 ಡೆಸಿಬೆಲ್ ಅಥವಾ ಹೆಚ್ಚು ಮೀರಿದಾಗ ದೂರು ಕೊಡಬಹುದು. ವಸತಿ ಪ್ರದೇಶದ ಹಗಲಿಗೆ ಅದು 65. ನಿಮ್ಮ 70.8 ಅದನ್ನು ದಾಟುತ್ತೆ. ರಾತ್ರಿಯ ನಿರ್ಬಂಧಗಳನ್ನು ಮುರಿದಿದ್ದರೆ 10ರ ಲೆಕ್ಕವೇ ಬೇಡ, ಉಲ್ಲಂಘನೆಯೇ ದೂರಿಗೆ ಸಾಕು. ಇದು 2010ರ ತಿದ್ದುಪಡಿಯಿಂದ ಬಂದದ್ದು.

ಅಳೆಯೋ ಜಾಗ ಎಲ್ಲಿ ಅನ್ನೋದರಲ್ಲಿ ನಿಮ್ಮ ನಾಲ್ಕು ವಿಭಾಗಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ನಿಯಮ 5ರಲ್ಲಿ ಧ್ವನಿವರ್ಧಕದ ಮಿತಿ ಆ ಸಾರ್ವಜನಿಕ ಸ್ಥಳದ ಗಡಿಯಲ್ಲಿ: ಪ್ರದೇಶದ ಮಿತಿಗಿಂತ 10 ಹೆಚ್ಚು ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಖಾಸಗಿ ಸ್ಥಳವಾದರೆ 5 ಮಾತ್ರ ಹೆಚ್ಚು. ಸಾರ್ವಜನಿಕ ಸ್ಥಳ ಅಂದರೆ ಜನ ಹಕ್ಕಿನಿಂದಲೋ ಹಾಗೆಯೋ ಬಂದುಹೋಗುವ ಜಾಗ. ಸಭಾಂಗಣ, ಹೋಟೆಲು, ಕನ್ವೆನ್ಷನ್ ಸೆಂಟರ್‌ಗಳನ್ನು ಹೆಸರಿಸಿದ್ದಾರೆ. ಬಾಡಿಗೆಗೆ ಕೊಡುವ ಮಂಟಪ ಇದರಲ್ಲೇ ಬರುತ್ತೆ ಅಂತ ವಾದಿಸಲು ಜಾಗ ಇದೆ. ಹಾಗಾಗಿ ಎರಡು ಬಿಂದು ಇಟ್ಟುಕೊಳ್ಳಿ: ಮಂಟಪದ ಕಾಂಪೌಂಡ್ ಗಡಿ ಕಾನೂನಿಗೆ, ಮಲಗುವ ಕೋಣೆಯ ಕಿಟಕಿ ಆರೋಗ್ಯಕ್ಕೆ. ಒಂದರ ಅಂಕಿಯನ್ನು ಇನ್ನೊಂದರ ಮಿತಿಗೆ ಹೋಲಿಸಿದ ಪ್ರಬಂಧಗಳು ಬೇಕಾದಷ್ಟಿವೆ, ನೀವು ಆ ಗುಂಪಿಗೆ ಸೇರಬೇಡಿ. ಅವಧಿಯನ್ನೂ ಅಷ್ಟೇ: 3 ಗಂಟೆಯ ಎಲ್‌ಇಕ್ಯೂ, 16 ಗಂಟೆಯದ್ದು ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಕೊಡಿ.

ಪ್ರದೇಶ 'ವಸತಿ' ಅಂತ ನೀವೇ ತೀರ್ಮಾನಿಸಬೇಡಿ. ಮುಖ್ಯರಸ್ತೆಗೆ ತಾಗಿದ ಜಾಗ ಮಾಸ್ಟರ್ ಪ್ಲಾನ್‌ನಲ್ಲಿ ವಾಣಿಜ್ಯ ಅಂತ ಇರಬಹುದು, ಆಗ ಹಗಲು 65, ರಾತ್ರಿ 55. ಹತ್ತಿರ ಆಸ್ಪತ್ರೆ, ಶಾಲೆ ಇದ್ದರೆ 100 ಮೀಟರ್ ತನಕ ತಾನಾಗಿ ನಿಶ್ಶಬ್ದ ವಲಯ ಅಂತ ಅನೇಕರು ತಿಳಿದಿದ್ದಾರೆ. 2017ರ ತಿದ್ದುಪಡಿಯ ನಂತರ ರಾಜ್ಯ ಸರ್ಕಾರ ಘೋಷಿಸಿದ್ದರೆ ಮಾತ್ರ. ಈ ಎರಡನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಶುಲ್ಕ 10 ರೂಪಾಯಿ. ವಲಯಕ್ಕೊಂದು, ಧ್ವನಿವರ್ಧಕದ ಲಿಖಿತ ಅನುಮತಿ ಪ್ರತಿಗಳಿಗೆ ಇನ್ನೊಂದು ಅರ್ಜಿ ಹಾಕಿ. ಒಂದರಲ್ಲೇ ತುರುಕಿದರೆ ಆ ಕಾರಣಕ್ಕೇ ವಾಪಸ್ ಬರುತ್ತೆ.

ರಾತ್ರಿ 10ರ ನಂತರ 'ಮುಚ್ಚಿದ ಆವರಣದೊಳಗೆ, ಒಳಗಿನವರಿಗೆ ಕೇಳಿಸಲು' ಅನ್ನೋ ವಿನಾಯಿತಿಯಲ್ಲಿ ಸಮುದಾಯ ಭವನ, ಔತಣ ಸಭಾಂಗಣ ಎರಡೂ ಇವೆ. ಮಾಲೀಕರ ವಕೀಲರು ಹಿಡಿಯೋದು ಇದನ್ನೇ. ಎರಡು ಬದಿ ಜಾಲರಿ ಇರುವ ಕಟ್ಟಡ ಮುಚ್ಚಿದ್ದೇ ಅನ್ನೋದಕ್ಕೆ ನಿಮ್ಮ ಕಟ್ಟಡ ನಕ್ಷೆ, ತೆರೆದ ಭಾಗದ ಚದರ ಮೀಟರ್ ಲೆಕ್ಕ, ಫೋಟೋಗಳೇ ಉತ್ತರ. ಅಳತೆಯಷ್ಟೇ ಮುಖ್ಯ ಇದು. ಇನ್ನು, ಹಬ್ಬದ ದಿನಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12 ಗಂಟೆವರೆಗೆ ಸಡಿಲಿಕೆ ಕೊಡಬಹುದು. ನೀವು ಅಳೆದ ರಾತ್ರಿ ಆ ಪಟ್ಟಿಯಲ್ಲಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ದತ್ತಾಂಶದ ಕಡತ ವಿದ್ಯುನ್ಮಾನ ದಾಖಲೆ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63(4)ರ ಪ್ರಮಾಣಪತ್ರ ಬೇಕು, ಅದರಲ್ಲಿ ಎ ಭಾಗ ಕಡತ ಹಾಜರುಪಡಿಸುವವರದ್ದು, ಬಿ ಭಾಗ ತಜ್ಞರದ್ದು, ಕಡತದ ಹ್ಯಾಶ್ ಮೌಲ್ಯ (ಕಡತದ ಬೆರಳಚ್ಚಿನಂಥ ಸಂಕೇತ, ಒಂದಕ್ಷರ ಬದಲಾದರೂ ಅದೂ ಬದಲಾಗುತ್ತೆ) ಎರಡರಲ್ಲೂ. ಆದ್ದರಿಂದ ಮೀಟರ್‌ನಿಂದ ಇಳಿಸಿದ ರಾತ್ರಿಯೇ ಮೂಲ ಕಡತದ ಎಸ್‌ಎಚ್‌ಎ-256 ಹ್ಯಾಶ್ ತೆಗೆದು, ಲಾಗ್ ಪುಸ್ತಕದಲ್ಲಿ ಬರೆದು ಇಬ್ಬರು ಸಹಿ ಹಾಕಿ. ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ ಹ್ಯಾಶ್ ಬದಲಾಗುತ್ತೆ. ಕೆಲಸವೆಲ್ಲ ನಕಲಿನ ಮೇಲೆ ನಡೆಯಲಿ.

ಮೀಟರ್ ಗಡಿಯಾರವನ್ನೂ ಸರಿಯಾಗಿ ಹೊಂದಿಸಿ. 10 ಗಂಟೆಗೆ ಮಿತಿ 55ರಿಂದ 45ಕ್ಕೆ ಇಳಿಯುತ್ತೆ. ಗಡಿಯಾರ ಏಳೆಂಟು ನಿಮಿಷ ಮುಂದಿದ್ದರೆ 9.55ರ ಕೊನೇ ಹಾಡನ್ನು ರಾತ್ರಿಯ ಉಲ್ಲಂಘನೆ ಅಂತ ಬರೆದಿರುತ್ತೀರಿ, ಅದೊಂದು ಸಾಕು ಉಳಿದದ್ದನ್ನೆಲ್ಲ ಅಲ್ಲಗಳೆಯಲು.

ಒಂದು ಮಾತು ಮಾತ್ರ ಖಡಾಖಂಡಿತ: ನಿಮ್ಮ ಅಳತೆ ಪ್ರಾಧಿಕಾರದ ಅಳತೆಗೆ ಬದಲಿ ಅಲ್ಲ. ಪೊಲೀಸರು ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಅಳೆಯಲಿ ಅಂತ ಒತ್ತಾಯಿಸಲು ಅದು ಆಧಾರ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಗಡಿಯಲ್ಲಿ ಮೀರುತ್ತೆ ಅಂತ ನಿಖರವಾಗಿ ಹೇಳಿದ ದೂರಿಗೆ ಸುಮ್ಮನೆ 'ತುಂಬಾ ಗಲಾಟೆ' ಅನ್ನೋ ದೂರಿಗಿಂತ ತೂಕ ಜಾಸ್ತಿ.

ಉತ್ತರ 3 · ಜಗಲಿಕಟ್ಟೆ

ಸಮೀಕ್ಷೆ ಬಗ್ಗೆ. ಬಾಗಿಲು ತಟ್ಟಿ 'ಮಂಟಪದ ಗಲಾಟೆ ಬಗ್ಗೆ ಅಧ್ಯಯನ ಮಾಡ್ತಿದ್ದೀವಿ' ಅಂದ ಕ್ಷಣ ಉತ್ತರ ಕೆಟ್ಟಿತು. ಸಿಟ್ಟಿದ್ದವರು ಹತ್ತಕ್ಕೆ ಹತ್ತು ಹಾಕ್ತಾರೆ. ಇನ್ನು ಕೆಲವರು ಶುಭಕಾರ್ಯಕ್ಕೆ ಅಡ್ಡಮಾತು ಯಾಕೆ ಅಂತ 'ಏನೂ ತೊಂದರೆ ಇಲ್ಲಪ್ಪಾ' ಅಂದುಬಿಡ್ತಾರೆ. ಬಡಾವಣೆಯ ನೆಮ್ಮದಿ ಸಮೀಕ್ಷೆ ಅಂತ ಹೇಳಿ. ನೀರು, ಕಸ, ಬೀದಿನಾಯಿ, ಪಾರ್ಕಿಂಗ್, ಧೂಳು, ಇವುಗಳ ನಡುವೆ ಸದ್ದಿನ ಪ್ರಶ್ನೆ ಇರಲಿ. ಮೋಸ ಅಲ್ಲ ಇದು, ಉಳಿದ ಉತ್ತರಗಳನ್ನೂ ನಿಜವಾಗಿ ಬಳಸಿ.

ಕಿರಿಕಿರಿ ಅಳೆಯಲು ಐಎಸ್‌ಒ 15666 (ಸದ್ದಿನ ಸಮೀಕ್ಷೆಗಳ ಅಂತರರಾಷ್ಟ್ರೀಯ ಮಾನದಂಡ) ಮಾದರಿಯ ಎರಡು ಪ್ರಶ್ನೆ ಸಾಕು. 'ಕಳೆದ 12 ತಿಂಗಳಲ್ಲಿ, ನೀವು ಮನೆಯಲ್ಲಿದ್ದಾಗ, ಮಂಟಪದಿಂದ ಬರುವ ಸದ್ದು ಎಷ್ಟು ಕಿರಿಕಿರಿ ಮಾಡಿದೆ?' ಒಂದಕ್ಕೆ ಐದು ಪದದ ಉತ್ತರ, ಇನ್ನೊಂದಕ್ಕೆ 0ಯಿಂದ 10. ಎರಡನೆಯದರಲ್ಲಿ 8, 9, 10 ಹೇಳಿದವರನ್ನು 'ತೀವ್ರ ಕಿರಿಕಿರಿ' ಅಂತ ಎಣಿಸೋದು ರೂಢಿ. ಐದು ಪದಗಳಿಗೆ: ಸ್ವಲ್ಪವೂ ಇಲ್ಲ, ಅಲ್ಪಸ್ವಲ್ಪ, ಸಾಧಾರಣ, ತುಂಬಾ, ವಿಪರೀತ. 'ಶಬ್ದ ಮಾಲಿನ್ಯ' ಅನ್ನೋ ಪದ ಪ್ರಶ್ನೆಯಲ್ಲಿ ಬಳಸಬೇಡಿ, ಮಾಲಿನ್ಯ ಅಂದ ಮೇಲೆ ತೀರ್ಪು ಕೊಟ್ಟಾಯಿತು. 'ಸದ್ದು' ಸಾಕು. 'ತೊಂದರೆ' ಅಂದರೆ ಕೆಲವರಿಗೆ ಕಾಯಿಲೆ ಅಂತ ಕೇಳಿಸುತ್ತೆ, ಹಾಗಾಗಿ ಮೊದಲು ಹತ್ತು ಮನೆಯಲ್ಲಿ ಪ್ರಯೋಗ ಮಾಡಿ, ಅವರು ಪ್ರಶ್ನೆಯನ್ನು ತಮ್ಮ ಮಾತಲ್ಲಿ ಹೇಳಲಿ.

200 ಮನೆ ಇರುವಲ್ಲಿ ಶೇ 95 ವಿಶ್ವಾಸ, ಶೇಕಡಾ 5ರಷ್ಟು ಮಾತ್ರ ಆಚೀಚೆ (±5) ಬೇಕೆಂದರೆ 132 ಮನೆ ಕೇಳಬೇಕು. 384 ಅಂತ ಎಲ್ಲೋ ಓದಿ ಗಾಬರಿ ಬೀಳಬೇಡಿ, ಅದು ದೊಡ್ಡ ಊರಿಗೆ. ಬಾಗಿಲು ತೆಗೆದವರನ್ನೇ ಕೇಳುತ್ತಾ ಹೋಗಬೇಡಿ. 50 ಮೀಟರ್‌ವರೆಗೆ, 50ರಿಂದ 100, 100ರಿಂದ 200, ಹೀಗೆ ಮೂರು ಸುತ್ತು ಮಾಡಿ, ಪ್ರತಿ ಸುತ್ತಿನ ಮನೆಗಳ ಪಟ್ಟಿಯಿಂದ ಚೀಟಿ ಎತ್ತಿ. ಮಂಟಪದಿಂದ ಹೊಟ್ಟೆ ತುಂಬಿಸಿಕೊಳ್ಳುವವರಿರುತ್ತಾರೆ: ಹೂವಿನವರು, ಅಡುಗೆ ಭಟ್ಟರು, ಪಾತ್ರೆ ತೊಳೆಯುವವರು, ಆಟೋದವರು. ಅದೇ ಬೀದಿಯಲ್ಲಿದ್ದೂ ಅವರ ಅಂಕಿ ಕಡಿಮೆ ಬರುತ್ತೆ. ಮಂಟಪದಿಂದ ಆದಾಯ ಇದೆಯಾ ಅನ್ನೋ ಪ್ರಶ್ನೆ ಒಂದನ್ನು ಇಟ್ಟುಕೊಳ್ಳದಿದ್ದರೆ ಆ ವ್ಯತ್ಯಾಸ ವಿವರಿಸಲಾಗದೆ ಕೂರುತ್ತೀರಿ.

ನಿದ್ದೆಗೆ ವರ್ಷದ ನೆನಪು ಕೇಳಬೇಡಿ. ಹದಿನಾಲ್ಕು ದಿನದ ಬೆಳಗಿನ ಡೈರಿ ಕೊಡಿ: ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ನಡುವೆ ಎಚ್ಚರ ಆಯಿತಾ, ಯಾತಕ್ಕೆ. ನಾಲ್ಕು ಸಾಲು. ಲಗ್ನದ ರಾತ್ರಿಯೂ ಖಾಲಿ ರಾತ್ರಿಯೂ ಅದರಲ್ಲಿ ಬರಬೇಕು, ಆಗ ಅದೇ ವ್ಯಕ್ತಿಯನ್ನು ಅವರ ಜೊತೆಗೇ ಹೋಲಿಸಬಹುದು. ಆರೋಗ್ಯದ ಪ್ರಶ್ನೆ ಇರೋದರಿಂದ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ, ಆಮೇಲೆ ಕೇಳಿದರೆ ಕೊಡಲ್ಲ. ದೂರಿಗೆ ಲಗತ್ತಿಸುವ ಯೋಚನೆ ಇದ್ದರೆ ಒಪ್ಪಿಗೆ ಪತ್ರದಲ್ಲೇ ಬರೆಯಬೇಕು, ಮನೆ ನಂಬರ್ ಹೊರಗೆ ಹೋಗದ ಹಾಗೆ ಸಂಕೇತ ಸಂಖ್ಯೆ ಕೊಡಬೇಕು. ಮೀಟರ್‌ನಲ್ಲಿ ಧ್ವನಿಮುದ್ರಣ ಸೌಲಭ್ಯ ಇದ್ದರೆ ಕಿಟಕಿ ಬಳಿ ಅದನ್ನು ಆಫ್ ಮಾಡಿ. ಆ ಮನೆಯ ಮಾತುಕತೆಯೆಲ್ಲ ಅದರಲ್ಲಿ ಬಂದಿರುತ್ತೆ.

ಮರುಪ್ರಶ್ನೆ · ನಾಲ್ಕು_ವಿಭಾಗ

ಎಲ್ಲರಿಗೂ ಧನ್ಯವಾದ. ಎರಡು ಅನುಮಾನ. ಹಿಂದಿನ ಬೀದಿಯವರು ಕಿಟಕಿ ಗಾಜು ನಡುಗುತ್ತೆ ಅಂತಾರೆ, ಆದರೆ ಅಲ್ಲಿ ಮೀಟರ್ 59 ಅಷ್ಟೇ ತೋರಿಸ್ತು. ಮತ್ತೆ ಮಂಟಪದವರು ಒಳಗೋಡೆಗೆ ಫೋಮ್ ಹಾಕಿಸ್ತೀವಿ ಅಂತಿದ್ದಾರೆ. ಪ್ರಯೋಜನ ಆಗುತ್ತಾ?

ಉತ್ತರ 4 · ಸ್ಪೀಕರ್_ಸ್ಟ್ಯಾಂಡ್

ಗಾಜು ನಡುಗೋದು ಸಬ್‌ವೂಫರ್‌ನಿಂದ. ಎ-ತೂಕ 63 ಹರ್ಟ್ಸ್‌ನಲ್ಲಿ 26 ಡೆಸಿಬೆಲ್ ಕಳೆದು ತೋರಿಸುತ್ತೆ. 85 ಇದ್ದ ಬೇಸ್ ಪರದೆಯ ಮೇಲೆ 59 ಆಗೋದು ಹೀಗೆ. ಬೇಸ್ ಅನ್ನು ಹೆಚ್ಚು ಕಳೆಯದ ಸಿ-ತೂಕದಲ್ಲಿ ಅದೇ ಜಾಗದಲ್ಲಿ ಅಳೆಯಿರಿ. ಸಿ ಮತ್ತು ಎ ನಡುವೆ 15–20 ದಾಟಿದ ಅಂತರ ಬಂದರೆ ಬೇಸ್‌ನ ಕಾಟವೇ ಅಂತ ತಿಳಿಯಿರಿ. ಕಾನೂನು ನೋಡೋದು ಎ ಮಾತ್ರ, ಆದರೆ ಸಮೀಕ್ಷೆಯ ಕಿರಿಕಿರಿಗೂ ಮೀಟರ್‌ಗೂ ತಾಳೆ ಆಗದಿದ್ದಾಗ ಸಿ ಅಂಕಿಯೇ ಕಾರಣ ಹೇಳುತ್ತೆ.

ಫೋಮ್ ಒಳಗಿನ ಗುಂಯ್ ಅನ್ನೋ ಪ್ರತಿಧ್ವನಿ ಕಡಿಮೆ ಮಾಡುತ್ತೆ, ಹೊರಗೆ ಹೋಗೋದನ್ನು ತಡೆಯಲ್ಲ. ಮೊಟ್ಟೆ ಟ್ರೇ ಅಂತೂ ಬೆಂಕಿಗೆ ಆಹಾರ. ಸದ್ದು ತಡೆಯೋದು ತೂಕ. 0.5 ಮಿ.ಮೀ. ಶೀಟ್ ಚದರ ಮೀಟರಿಗೆ 4 ಕಿಲೋ ಇರುತ್ತೆ. ತೂಕದ ನಿಯಮದ ಲೆಕ್ಕದಲ್ಲಿ 500 ಹರ್ಟ್ಸ್‌ಗೆ ಸುಮಾರು 19 ಡೆಸಿಬೆಲ್ ತಡೆದರೆ, 63 ಹರ್ಟ್ಸ್‌ಗೆ 1. ಅಂದರೆ ಬೇಸ್ ಪಾಲಿಗೆ ಆ ಚಾವಣಿ ಇಲ್ಲ ಅಂತಲೇ ಅಂದುಕೊಳ್ಳಿ. ಗೋಡೆಯ ಒಟ್ಟು ವಿಸ್ತೀರ್ಣದಲ್ಲಿ ಶೇ 10 ಜಾಲರಿ ಇದ್ದರೆ ಉಳಿದ ಶೇ 90 ಕೋಟೆಯಂತಿದ್ದರೂ ಒಟ್ಟು ತಡೆ 10 ಡೆಸಿಬೆಲ್ ಮೀರಲ್ಲ.

ಅಗ್ಗದಲ್ಲಿ ಆಗೋದು ಮೂಲದಲ್ಲೇ ತಗ್ಗಿಸೋದು. ವೇದಿಕೆ ಪಕ್ಕ ಎರಡು ದೊಡ್ಡ ಸ್ಟ್ಯಾಕ್ ಬದಲು ಪ್ರೇಕ್ಷಕರ ಮೇಲೆ ಆರೆಂಟು ಸಣ್ಣ ಸ್ಪೀಕರ್ ತೂಗುಹಾಕಿ ಕೆಳಕ್ಕೆ ಬಾಗಿಸಿ, ಹಿಂದಿನ ಸಾಲಿನವುಗಳಿಗೆ 10 ಮೀಟರಿಗೆ ಸುಮಾರು 29 ಮಿಲಿಸೆಕೆಂಡ್ ಡಿಲೇ ಕೊಡಿ. ಹಾಲ್‌ನದ್ದೇ ಸ್ಥಿರ ಸಿಸ್ಟಮ್ ಇದ್ದು, ಆರ್ಕೆಸ್ಟ್ರಾದವರು ಅದಕ್ಕೇ ಕನೆಕ್ಟ್ ಮಾಡಬೇಕು ಅಂತ ಬಾಡಿಗೆ ಕರಾರಿನಲ್ಲಿ ಬರೆದರೆ ಮಾತ್ರ ಲಿಮಿಟರ್ (ಸದ್ದು ನಿಗದಿತ ಮಟ್ಟ ದಾಟದಂತೆ ತಡೆಯುವ ಪೆಟ್ಟಿಗೆ) ಕೆಲಸ ಮಾಡುತ್ತೆ. ಅವರು ತಮ್ಮ ಆಂಪ್ಲಿಫೈಯರ್ ತಂದರೆ ನಿಮ್ಮ ಲಿಮಿಟರ್ ಕಪಾಟಿನಲ್ಲೇ ಇರುತ್ತೆ. ಲಿಮಿಟರ್ ಮಟ್ಟ ಹೊಂದಿಸುವಾಗ ಗಡಿಯಲ್ಲಿ ಒಬ್ಬರು ಮೀಟರ್ ಹಿಡಿದು ನಿಲ್ಲಲಿ, ಅಲ್ಲಿ 65 ಬರುವ ತನಕ ಇಳಿಸಿ, ಪೆಟ್ಟಿಗೆಗೆ ಬೀಗ ಹಾಕಿ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈ-ಪಾಸ್ ಫಿಲ್ಟರಿನಲ್ಲಿ ತಗ್ಗಿಸಿದರೆ ಹಿಂದಿನ ಬೀದಿಯ ಗಾಜೂ ಸುಮ್ಮನಾಗುತ್ತೆ. ಹಾಡಿಗೆ ನಷ್ಟ ಇಲ್ಲ, ಡಿಜೆ ಮಾತ್ರ ಗೊಣಗಬಹುದು. ವಾಲಗಕ್ಕೆ ಇದ್ಯಾವುದೂ ಅನ್ವಯಿಸಲ್ಲ. ಡೋಲಿಗೂ ನಾಗಸ್ವರಕ್ಕೂ ಮೈಕ್ ಬೇಕಿಲ್ಲ, ಗಟ್ಟಿಮೇಳಕ್ಕೆ ಲಿಮಿಟರ್ ಹಾಕೋರು ಇನ್ನೂ ಹುಟ್ಟಿಲ್ಲ.

ಉತ್ತರ 5 · ತರಂಗದೂರ

ಜನರೇಟರ್ ಬಿಟ್ಟುಹೋಯಿತು. ಸಂಗೀತ ಇಲ್ಲದ ಹೊತ್ತಲ್ಲಿ ಅದನ್ನು ಪ್ರತ್ಯೇಕ ಅಳೆಯಿರಿ. 1000 ಕೆವಿಎವರೆಗಿನ ಡೀಸೆಲ್ ಜನರೇಟರಿಗೆ ತಯಾರಿಕಾ ಮಿತಿ ಅದರ ಹೊರಕವಚದ ಡಬ್ಬಿಯಿಂದ 1 ಮೀಟರ್ ದೂರದಲ್ಲಿ 75 ಡೆಸಿಬೆಲ್(ಎ). ದೂರ ದುಪ್ಪಟ್ಟಾದಾಗಲೆಲ್ಲ 6 ಇಳಿಯುತ್ತೆ ಅಂತ ಹಿಡಿದರೆ 16 ಮೀಟರಿನ ಮನೆಯಲ್ಲಿ 51. ಡಬ್ಬಿ ದೊಡ್ಡದಿರೋದರಿಂದ ಹತ್ತಿರದಲ್ಲಿ ಅಷ್ಟು ಬೇಗ ಇಳಿಯಲ್ಲ, ನಿಜದಲ್ಲಿ ಇನ್ನೂ ಒಂದೆರಡು ಹೆಚ್ಚೇ ಬರಬಹುದು. ರಾತ್ರಿಯ ಮಿತಿ 45. ಅಂದರೆ ಯಂತ್ರ ನಿಯಮಕ್ಕೆ ಸರಿಯಾಗಿದೆ, ಮನೆಯಲ್ಲಿ ಮಿತಿ ಮೀರಿದೆ, ಆದರೆ ನಿಯಮ 7ರ ದೂರಿಗೆ ಬೇಕಾದ 55 (45ಕ್ಕೆ 10 ಕೂಡಿಸಿ) ಮುಟ್ಟಿಲ್ಲ. ಇಂಥದ್ದು ಸಿಕ್ಕರೆ ದೂರಿನಲ್ಲಿ ಸೇರಿಸಬೇಡಿ, ಪ್ರಬಂಧದಲ್ಲಿ ಒಂದು ಪೂರ್ತಿ ಪುಟ ಕೊಡಿ.